ಗಮನ ಕೊರತೆಯಿರುವ ಮಗುವಿಗೆ ಸಾಂಸ್ಕೃತಿಕ ಪ್ರವಾಸ ಪೂರಕ ಚಿಕಿತ್ಸೆಯಾಗಬಲ್ಲದೇ?

ಪ್ರಶ್ನೆ (ಒಂಬತ್ತು ವರ್ಷದ ಬಾಲಕನ ತಾಯಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಅತಿಚಟುವಟಿಕೆಯೂ ಸೇರಿದ ಗಮನ ಕೊರತೆ, ಅಂದರೆ ಎಡಿಎಚ್‌ಡಿ, ಇದೆಯೆಂದು ಕಳೆದ ವರ್ಷ ಮಕ್ಕಳ ಮನೋವೈದ್ಯರು ಖಚಿತಪಡಿಸಿದರು. ಬೆಳಿಗ್ಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದೇವೆ. ಜೊತೆಗೆ ವರ್ತನಾ ಚಿಕಿತ್ಸೆಯೂ ನಡೆದಿದೆ. ಶಾಲೆಯಲ್ಲಿ ಪರಿಸ್ಥಿತಿ ಮೊದಲಿಗಿಂತ ವಾಸಿ, ಆದರೆ ಪೂರ್ತಿ ಸುಧಾರಿಸಿದೆ ಎನ್ನುವಂತಿಲ್ಲ.

ಈ ನಡುವೆ ಪ್ರವಾಸ ಸಂಸ್ಥೆಯೊಂದರ ಕರಪತ್ರ ನಮ್ಮ ಕೈಸೇರಿತು. ಸ್ಮಾರಕಗಳು, ವಸ್ತುಸಂಗ್ರಹಾಲಯಗಳು, ಕುಶಲಕರ್ಮಿಗಳ ಕಾರ್ಯಾಗಾರಗಳು, ಸಂಜೆ ಸಂಗೀತ ಮತ್ತು ನೃತ್ಯ ಇರುವ ಹತ್ತು ದಿನಗಳ ಕಾರ್ಯಕ್ರಮವನ್ನು ಅದು "ಸಾಂಸ್ಕೃತಿಕ ಪ್ರವಾಸ ಚಿಕಿತ್ಸೆ" ಎಂದು ಕರೆದಿದೆ. ಪ್ರವಾಸದ ಅವಧಿಯಲ್ಲಿ ಮಾತ್ರೆಯನ್ನು ನಿಲ್ಲಿಸಿ ನೋಡಬಹುದು ಎಂಬ ಸಾಲೂ ಅದರಲ್ಲಿದೆ. ನಮ್ಮ ಮಾವನವರಿಗಂತೂ ಇದು ಬಹಳ ಹಿಡಿಸಿದೆ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ಹುಡುಗನನ್ನು ನಾಲ್ಕು ಕಡೆ ತಿರುಗಾಡಿಸಿದರೆ ತಾನೇ ಸರಿಹೋಗುತ್ತಾನೆ ಎನ್ನುತ್ತಾರೆ.

ನಾನು ಅದನ್ನು ಪೂರ್ತಿ ತಳ್ಳಿಹಾಕಲಾರದೆ ಇರುವುದಕ್ಕೂ ಒಂದು ಕಾರಣವಿದೆ. ಹೋಮ್‌ವರ್ಕ್ ಪುಸ್ತಕದ ಮುಂದೆ ಒಂದು ಕ್ಷಣ ನೆಟ್ಟಗೆ ಕೂರದ ಮಗ, ಒಮ್ಮೆ ಕೈಮಗ್ಗದ ಮುಂದೆ ಕೂತವನು ಮೇಲೇಳಲೇ ಇಲ್ಲ. ಎಲ್ಲರೂ ಬಟ್ಟೆಯ ಅಂಚಿನ ಬಣ್ಣ ನೋಡುತ್ತಿದ್ದರೆ ಇವನ ಕಣ್ಣು ನೇಕಾರರ ಪಾದಗಳ ಮೇಲಿತ್ತು. ಯಾವ ತುಳಿಗೋಲನ್ನು ಒತ್ತಿದರೆ ಯಾವ ಎಳೆಗಳು ಮೇಲೇಳುತ್ತವೆ ಎಂಬುದನ್ನು ಯಾರನ್ನೂ ಕೇಳದೆ ತಾನೇ ಕಂಡುಕೊಂಡು, ಮನೆಗೆ ಬಂದ ಮೇಲೆ ತಂಗಿಗೆ ದಾರ ಕಟ್ಟಿ ತೋರಿಸಿದ. ಇಂಥ ಗಮನ ಇವನಲ್ಲಿ ಇದೆ ಎಂದಾದರೆ, ಅದನ್ನು ಹೊರಗೆ ತರುವ ಪ್ರವಾಸವನ್ನು ಚಿಕಿತ್ಸೆಯ ಭಾಗವೆಂದು ಭಾವಿಸಬಹುದೇ? ಮಾತ್ರೆ ನಿಲ್ಲಿಸುವ ಮಾತು ಎಷ್ಟು ಸರಿ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಮಕ್ಕಳ ಮನೋವೈದ್ಯೆ)

ಮಾತ್ರೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ ಚರ್ಚಿಸಬಹುದಾದದ್ದು. ಹಸಿವು ಕಡಿಮೆಯಾದಾಗ ಅಥವಾ ತೂಕ, ಎತ್ತರಗಳ ಬಗ್ಗೆ ಚಿಂತೆಯಿದ್ದಾಗ ರಜಾದಿನಗಳಲ್ಲಿ ಮಾತ್ರೆಗೆ ಬಿಡುವು ಕೊಡುವುದುಂಟು. ಆದರೆ ಅದು ಮಗುವನ್ನು ನೋಡುತ್ತಿರುವ ವೈದ್ಯರು ನಿಮ್ಮೊಡನೆ ಕುಳಿತು ತೀರ್ಮಾನಿಸಬೇಕಾದ ಸಂಗತಿ, ಕರಪತ್ರವೊಂದು ಸೂಚಿಸಬೇಕಾದದ್ದಲ್ಲ. ದುಡುಕಿ ಓಡುವ ಸ್ವಭಾವದ ಈ ಮಕ್ಕಳಿಗೆ ಅಪಘಾತದ ಗಾಯಗಳಾಗುವ ಸಂಭವ ಇತರ ಮಕ್ಕಳಿಗಿಂತ ಹೆಚ್ಚು. ಅಪರಿಚಿತ ರಸ್ತೆ, ಜನಜಂಗುಳಿ, ತಡೆಗೋಡೆಯಿಲ್ಲದ ಹಳೆಯ ಮೆಟ್ಟಿಲುಗಳಿರುವ ದಿನಗಳನ್ನೇ ಬಿಡುವಿಗೆ ಆರಿಸುವುದರಲ್ಲಿ ನನಗೆ ಯಾವ ವಿವೇಕವೂ ಕಾಣುವುದಿಲ್ಲ.

ಮಗ್ಗದ ಮುಂದೆ ನೀವು ಕಂಡದ್ದು ನಿಜವಾದದ್ದೇ, ಮತ್ತು ಅದು ರೋಗನಿರ್ಣಯಕ್ಕೆ ವಿರುದ್ಧವೂ ಅಲ್ಲ. ಈ ಮಕ್ಕಳಿಗೆ ಕಷ್ಟವಾಗುವುದು ಗಮನವನ್ನು ಬೇಕೆಂದಾಗ, ಬೇಕಾದ ಕಡೆ, ಬೇಕಾದಷ್ಟು ಹೊತ್ತು ನಿಲ್ಲಿಸುವ ನಿಯಂತ್ರಣ. ಹೊಸದು, ಚಲಿಸುವಂಥದ್ದು, ಮಾಡಿದ ತಕ್ಷಣ ಫಲ ಕಾಣುವಂಥದ್ದು ಎದುರಿಗಿದ್ದರೆ ಆ ನಿಯಂತ್ರಣದ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ. ಫಲ ದೂರವಿದ್ದು ಕೆಲಸ ಏಕತಾನವಾದಾಗ ಬೀಳುತ್ತದೆ. ಮಗ್ಗ ಮೊದಲನೆಯದು, ಹೋಮ್‌ವರ್ಕ್ ಎರಡನೆಯದು. ಆದ್ದರಿಂದ ಮಗ್ಗದ ಮುಂದೆ ಕುಳಿತ ಹುಡುಗ ಮರುದಿನ ಗುಣಾಕಾರದ ಮುಂದೆಯೂ ಹಾಗೆಯೇ ಕೂರುತ್ತಾನೆ ಎಂದು ನಿರೀಕ್ಷಿಸುವಂತಿಲ್ಲ. ಈ ವಿಷಯದಲ್ಲಿ ಬಹಳ ಬರೆದಿರುವ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಅವರು ನೆರವು ಸಿಗಬೇಕಾದದ್ದು ತೊಂದರೆ ಎದುರಾಗುವ ಜಾಗದಲ್ಲೇ, ಆ ಹೊತ್ತಿನಲ್ಲೇ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಎಲ್ಲೋ ದೂರದಲ್ಲಿ ಹತ್ತು ದಿನ ಕಲಿತದ್ದು ತರಗತಿಯ ಬೆಂಚಿನವರೆಗೆ ತಾನಾಗಿ ನಡೆದುಬರುವುದಿಲ್ಲ.

ಪುರಾವೆಯ ಮಾತಿಗೆ ಬರೋಣ. 1999ರಲ್ಲಿ ಪ್ರಕಟವಾದ, ಸಾಮಾನ್ಯವಾಗಿ ಎಂಟಿಎ ಎಂದು ಕರೆಯಲಾಗುವ ಅಮೆರಿಕದ ಅಧ್ಯಯನದಲ್ಲಿ ಏಳರಿಂದ ಒಂಬತ್ತು ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳ ಕಾಲ ಚಿಕಿತ್ಸೆಗೆ ಒಳಪಡಿಸಲಾಯಿತು. ವರ್ತನಾ ಚಿಕಿತ್ಸೆಯ ಗುಂಪಿಗೆ ಎಂಟು ವಾರಗಳ ಬೇಸಿಗೆ ಶಿಬಿರವೂ ಇತ್ತು. ತರಬೇತಿ ಪಡೆದ ಸಿಬ್ಬಂದಿ, ಒಳ್ಳೆಯ ವರ್ತನೆಗೆ ಅಂಕ ಕೊಡುವ ಪದ್ಧತಿ, ಪೋಷಕರ ತರಬೇತಿ, ಶಾಲೆಯೊಂದಿಗೆ ಸಂಪರ್ಕ, ಎಲ್ಲವೂ ಅದರಲ್ಲಿದ್ದವು. ಅಷ್ಟಾದರೂ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಮೂಲ ಲಕ್ಷಣಗಳ ಮಟ್ಟಿಗೆ, ಎಚ್ಚರಿಕೆಯಿಂದ ಹೊಂದಿಸಿದ ಔಷಧವೇ ಮುಂದಿತ್ತು. ಔಷಧ ಮತ್ತು ವರ್ತನಾ ಚಿಕಿತ್ಸೆ ಎರಡನ್ನೂ ಪಡೆದ ಮಕ್ಕಳಿಗೆ ಪೋಷಕರೊಂದಿಗಿನ ಸಂಬಂಧ, ಆತಂಕ, ಒಡನಾಟ ಮುಂತಾದವುಗಳಲ್ಲಿ ಹೆಚ್ಚುವರಿ ಲಾಭ ಕಂಡಿತು. ಅವರಿಗೆ ಬೇಕಾದ ಔಷಧದ ಪ್ರಮಾಣವೂ ಕಡಿಮೆಯಿತ್ತು. ಅಷ್ಟು ವ್ಯವಸ್ಥಿತವಾದ ಎಂಟು ವಾರಗಳ ಶಿಬಿರವೇ ಔಷಧದ ಸ್ಥಾನವನ್ನು ತುಂಬಲಿಲ್ಲ ಎಂದ ಮೇಲೆ ಹತ್ತು ದಿನಗಳ ಸುತ್ತಾಟ ತುಂಬುತ್ತದೆ ಎಂದು ಹೇಳಲು ಸ್ವಲ್ಪ ಧೈರ್ಯವೇ ಬೇಕು.

ಹಾಗೆಂದು ಪರಿಸರದ ಬದಲಾವಣೆಯಿಂದ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. 2009ರಲ್ಲಿ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೋ ಎಂಬ ಸಂಶೋಧಕರು ಗಮನ ಕೊರತೆಯಿರುವ ಏಳರಿಂದ ಹನ್ನೆರಡು ವರ್ಷದ 17 ಮಕ್ಕಳನ್ನು ಬೇರೆಬೇರೆ ದಿನ ಉದ್ಯಾನದಲ್ಲಿ, ನಗರದ ಮಧ್ಯಭಾಗದಲ್ಲಿ, ವಸತಿ ಪ್ರದೇಶದಲ್ಲಿ 20 ನಿಮಿಷ ನಡೆಸಿ, ಆಮೇಲೆ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವ ಪರೀಕ್ಷೆ ಕೊಟ್ಟರು. ಉದ್ಯಾನದಲ್ಲಿ ನಡೆದ ದಿನ ಮಕ್ಕಳ ಸಾಧನೆ ಉತ್ತಮವಾಗಿತ್ತು. ಪ್ರವಾಸ ಸಂಸ್ಥೆಗಳಿಗೆ ಇಂಥ ಅಧ್ಯಯನಗಳು ಬಲು ಪ್ರಿಯ. ಆದರೆ ಅದು ಚಿಕ್ಕ ಅಧ್ಯಯನ, ನಡಿಗೆ ಮುಗಿದ ಕೂಡಲೇ ಅಳೆದದ್ದು. ಮೇಲಾಗಿ ಲಾಭ ಕಂಡದ್ದು ಮರಗಿಡಗಳ ನಡುವಿನ ಶಾಂತ ನಡಿಗೆಯಲ್ಲಿ, ಊರ ನಡುವಿನ ಗದ್ದಲದಲ್ಲಿ ಅಲ್ಲ. ಸಾಂಸ್ಕೃತಿಕ ಪ್ರವಾಸವೆಂದರೆ ಬಹುಪಾಲು ಈ ಎರಡನೆಯದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪ್ರವಾಸವನ್ನು ಚಿಕಿತ್ಸೆ ಎಂದು ಕರೆಯಲಾಗದು, ಆದರೆ ಈಗ ನಡೆಯುತ್ತಿರುವ ವರ್ತನಾ ಚಿಕಿತ್ಸೆಯಲ್ಲಿ ಕಲಿತ ಯಾವುದಾದರೊಂದು ಕೌಶಲವನ್ನು ಅಭ್ಯಾಸ ಮಾಡಿಸುವ ಜಾಗವಾಗಿ ಅದನ್ನು ಖಂಡಿತ ಬಳಸಿಕೊಳ್ಳಬಹುದು. ಸರದಿಯಲ್ಲಿ ಕಾಯುವುದು, ಹೊರಡುವ ಮುನ್ನ ತನ್ನ ಚೀಲವನ್ನು ತಾನೇ ಪರೀಕ್ಷಿಸುವುದು, ಇಷ್ಟವಾದದ್ದನ್ನು ಬಿಟ್ಟು ಮುಂದಿನದಕ್ಕೆ ಹೊರಡುವುದು, ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ.

ಉತ್ತರ 2 (ವಸ್ತುಸಂಗ್ರಹಾಲಯದ ಶಿಕ್ಷಣ ವಿಭಾಗದಲ್ಲಿರುವವರು)

ಡಾಕ್ಟರ್ ಮೇಡಂ ಹೇಳಿದ್ದನ್ನು ಒಪ್ಪುತ್ತಲೇ, ಭೇಟಿಯನ್ನು ಹೇಗೆ ರೂಪಿಸಬೇಕು ಎಂಬುದರ ಬಗ್ಗೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಒಳ್ಳೆಯ ಪ್ರವಾಸವೂ ಕೆಟ್ಟ ಪ್ರವಾಸವೂ ಕರಪತ್ರದಲ್ಲಿ ಒಂದೇ ತರಹ ಕಾಣುತ್ತವೆ.

ವಸ್ತುಸಂಗ್ರಹಾಲಯದಲ್ಲಿ ದಣಿಯುವುದು ಗಮನ ಕೊರತೆಯಿರುವ ಮಕ್ಕಳು ಮಾತ್ರವಲ್ಲ. ಬಾಸ್ಟನ್ನಿನ ಕಲಾ ಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಷ್ಟು ಹಿಂದೆಯೇ, ಪ್ರದರ್ಶನ ಪೆಟ್ಟಿಗೆಗಳಲ್ಲಿರುವುದನ್ನು ಸರಿಯಾಗಿ ನೋಡಲು ವಯಸ್ಕನೊಬ್ಬ ಎಷ್ಟೆಲ್ಲ ಬಗ್ಗಬೇಕು, ಕುಕ್ಕರಿಸಬೇಕು, ಕತ್ತು ಚಾಚಬೇಕು ಎಂಬುದನ್ನು ಛಾಯಾಚಿತ್ರ ತೆಗೆದು ತೋರಿಸಿ, ಸಂಗ್ರಹಾಲಯದ ದಣಿವು ಎಂಬ ವಿಷಯದ ಮೇಲೆ ಲೇಖನ ಬರೆದರು. ವಯಸ್ಕರಿಗೇ ಹಾಗಾದರೆ, ಬೆಳಿಗ್ಗೆ ಒಂದು ಸಂಗ್ರಹಾಲಯ, ಮಧ್ಯಾಹ್ನ ಎರಡು ಸ್ಮಾರಕ, ಸಂಜೆ ನೃತ್ಯ ಪ್ರದರ್ಶನ ಎಂಬ ದಿನಚರಿಯಲ್ಲಿ ಒಂಬತ್ತು ವರ್ಷದ ಹುಡುಗನ ಪಾಡೇನು? ಕರಪತ್ರದಲ್ಲಿ ದಿನಕ್ಕೆ ಎಷ್ಟು ಜಾಗ ಎಂಬುದನ್ನು ಮೊದಲು ಎಣಿಸಿ. ಒಂದಕ್ಕಿಂತ ಹೆಚ್ಚಿದ್ದರೆ ಅದನ್ನು ಈ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಎರಡನೆಯ ಸಂಗತಿ ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು. ಹೊಸ ಜಾಗದ ಹೊಸತನವೇ ಕಲಿಕೆಗೆ ಅಡ್ಡಬರುತ್ತದೆ ಎಂದು ಸಂಶೋಧಕ ಜಾನ್ ಫಾಕ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿದರು: ಪೂರ್ತಿ ಅಪರಿಚಿತ ಸ್ಥಳಕ್ಕೆ ಬಂದ ಮಕ್ಕಳು ಆ ಸ್ಥಳವನ್ನು ಅರಿಯುವುದರಲ್ಲೇ ಮುಳುಗಿ, ಹೇಳಿಕೊಟ್ಟ ಪಾಠವನ್ನು ಕಡಿಮೆ ಗ್ರಹಿಸಿದರು. ಮುಂದೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯಕ್ಕೆ ಬರುವ ಶಾಲಾ ಮಕ್ಕಳ ಮೇಲೆ ಅದೇ ತಂಡದವರು ನಡೆಸಿದ ಅಧ್ಯಯನದಲ್ಲಿ, ಪ್ರಾಣಿಗಳ ಬಗ್ಗೆ ಮುಂಚಿತವಾಗಿ ಪಾಠ ಕೇಳಿದವರಿಗಿಂತಲೂ, ಅಲ್ಲಿ ಏನೇನು ಕಾಣಸಿಗುತ್ತದೆ, ಊಟ ಎಲ್ಲಿ, ಅಂಗಡಿಯಲ್ಲಿ ಏನು ಕೊಳ್ಳಬಹುದು ಎಂಬಂಥ ಮಕ್ಕಳದೇ ಕುತೂಹಲಗಳಿಗೆ ಉತ್ತರ ಪಡೆದು ಬಂದವರು ಹೆಚ್ಚು ಕಲಿತರು. ಇವು ಸಾಮಾನ್ಯ ಮಕ್ಕಳ ಮೇಲಿನ ಅಧ್ಯಯನಗಳು, ನಿಜ; ಆದರೆ ಗಮನದ ನಿಯಂತ್ರಣವೇ ಕಡಿಮೆಯಿರುವ ಮಗುವಿಗೆ ಈ ಪೂರ್ವಸಿದ್ಧತೆ ಇನ್ನೂ ಮುಖ್ಯವಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೋಗುವ ಮುನ್ನ ಮನೆಯಲ್ಲೇ ಆ ಜಾಗದ ನಕ್ಷೆ ಮತ್ತು ಚಿತ್ರಗಳನ್ನು ತೋರಿಸಿ. ಬಾಗಿಲು ಎಲ್ಲಿದೆ, ಶೌಚಾಲಯ ಎಲ್ಲಿದೆ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಎಷ್ಟು ಹೊತ್ತಿಗೆ ಹೊರಬರುತ್ತೇವೆ ಎಂಬುದು ಅವನಿಗೆ ಮೊದಲೇ ಗೊತ್ತಿರಲಿ.

ಒಳಗೆ ಬಂದ ಮೇಲೆ ಎಲ್ಲವನ್ನೂ ನೋಡಿಸುವ ಹಟ ಬಿಡಿ. ನಮ್ಮಲ್ಲಿಗೆ ಬರುವ ಇಂಥ ಮಕ್ಕಳಿಗೆ ನಾವು ಮೂರು ವಸ್ತುಗಳನ್ನು ಹುಡುಕುವ ಕೆಲಸ ಕೊಡುತ್ತೇವೆ. ಹುಡುಕುತ್ತಾ ಓಡಾಡುವುದಕ್ಕೆ ಅಡ್ಡಿಯಿಲ್ಲ, ಸಿಕ್ಕ ಮೇಲೆ ನೆಲದ ಮೇಲೆ ಕುಳಿತು ಅದರ ಚಿತ್ರ ಬರೆದು ತೋರಿಸಬೇಕು. ಹಳೆಯ ಬೀಗವೊಂದನ್ನು ಬರೆಯುತ್ತಿದ್ದ ಹುಡುಗಿಯೊಬ್ಬಳು, ಕೀಲಿ ತೂರುವ ರಂಧ್ರ ಎದುರಿನಿಂದ ಕಾಣುತ್ತಿಲ್ಲವಲ್ಲ ಎಂದು ಪೆಟ್ಟಿಗೆಯ ಸುತ್ತ ತಿರುಗಿ, ಕೊನೆಗೆ ಅದು ಬೀಗದ ತಳಭಾಗದಲ್ಲಿದೆ ಎಂದು ಪತ್ತೆಹಚ್ಚಿದಳು. ನಮ್ಮ ವಿವರಣಾ ಫಲಕದಲ್ಲಿ ಆ ಮಾತೇ ಇರಲಿಲ್ಲ! ಕಾರ್ಯಾಗಾರಗಳಲ್ಲಿಯೂ ಅಷ್ಟೇ; ನೋಡುವುದಕ್ಕಿಂತ ಕೈಹಾಕಿ ಮಾಡುವುದು ಇವರಿಗೆ ಒಗ್ಗುತ್ತದೆ. ಬಹಳಷ್ಟು ಸಂಗ್ರಹಾಲಯಗಳು ಈಗ ಜನಸಂದಣಿ, ಶಬ್ದ, ಬೆಳಕು ಕಡಿಮೆಯಿರುವ ವಿಶೇಷ ವೇಳೆಗಳನ್ನು ಇಟ್ಟಿರುತ್ತವೆ; ಕೇಳಿ ತಿಳಿದುಕೊಂಡು ಆ ವೇಳೆಗೇ ಹೋಗುವುದು ಮೇಲು.

ಕೆನಡಾದ ಮಾಂಟ್ರಿಯಲ್ ಕಲಾ ಸಂಗ್ರಹಾಲಯಕ್ಕೆ ಭೇಟಿ ನೀಡುವಂತೆ ವೈದ್ಯರು ಚೀಟಿ ಬರೆದುಕೊಡುವ ಪದ್ಧತಿ 2018ರಲ್ಲಿ ಆರಂಭವಾದಾಗ ಅದು ದೊಡ್ಡ ಸುದ್ದಿಯಾಗಿತ್ತು. ಅಲ್ಲಿಯೂ ಅದು ನಡೆಯುತ್ತಿರುವ ಚಿಕಿತ್ಸೆಗೆ ಜೊತೆಯಾಗಿ ಕೊಡುವ ಚೀಟಿ.

ಉತ್ತರ 3 (ಗಮನ ಕೊರತೆಯಿರುವ ಹದಿಮೂರು ವರ್ಷದ ಬಾಲಕಿಯ ತಾಯಿ)

ನಮ್ಮ ಮಗಳದು ಓಡಾಡುವ ಬಗೆಯಲ್ಲ, ಕನಸು ಕಾಣುತ್ತಾ ಹಿಂದೆ ಉಳಿಯುವ ಬಗೆ. ಇಂಥ ಹೆಣ್ಣುಮಕ್ಕಳನ್ನು ಶಾಂತ ಸ್ವಭಾವದವರೆಂದು ಎಲ್ಲರೂ ಹೊಗಳುವುದರಿಂದ ರೋಗನಿರ್ಣಯವೇ ತಡವಾಗುತ್ತದೆ. ಪ್ರವಾಸದಲ್ಲಿಯೂ ಅಪಾಯ ಬೇರೆ ತರಹದ್ದು: ಗುಂಪು ಮುಂದೆ ಸಾಗಿದ್ದು ಅವಳಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ನಾವು ಗುಂಪು ಪ್ರವಾಸಗಳನ್ನು ಬಿಟ್ಟು ನಮ್ಮಷ್ಟಕ್ಕೆ ನಾವು ಹೋಗುತ್ತೇವೆ, ಮತ್ತು ಫೋನ್ ನಂಬರ್ ಬರೆದ ಪಟ್ಟಿಯನ್ನು ಅವಳ ಕೈಗೆ ಕಟ್ಟಿರುತ್ತೇವೆ. ಸ್ಥಳಕ್ಕೆ ಹೋದ ಕೂಡಲೇ ಮಾಡುವ ಮೊದಲ ಕೆಲಸ, ಕಳೆದುಹೋದರೆ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು ಮೂವರೂ ಅಲ್ಲಿಗೇ ನಡೆದುಹೋಗಿ ನೋಡಿಬರುವುದು.

ನಿಮ್ಮ ಮಗನಂಥ ಮಕ್ಕಳಿಗೆ ಬಹುಶಃ ಕಷ್ಟವಾಗುವುದು ಆರಂಭಕ್ಕಿಂತ ಮುಕ್ತಾಯ. ಮಗ್ಗದ ಮುಂದಿನಿಂದ ಅವನನ್ನು ಎಬ್ಬಿಸಿದ್ದು ಹೇಗೆ ಎಂದು ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಇನ್ನು ಐದು ನಿಮಿಷ ಎಂಬ ಮಾತಿಗೆ ಇವರಲ್ಲಿ ಅರ್ಥವೇ ಇರುವುದಿಲ್ಲ, ಕಾಲದ ಅಂದಾಜೇ ದುರ್ಬಲ. ನಮಗೆ ಕೈಹಿಡಿದದ್ದು ಮರಳು ಗಡಿಯಾರ: ಮರಳು ಇಳಿಯುವುದು ಕಣ್ಣಿಗೆ ಕಾಣುವುದರಿಂದ ಜಗಳ ಕಡಿಮೆ.

ಮಾತ್ರೆ, ಹಸಿವು, ನಿದ್ರೆ ಮೂರನ್ನೂ ಒಟ್ಟಿಗೆ ಯೋಚಿಸಬೇಕು. ಮೀಥೈಲ್‌ಫೆನಿಡೇಟ್ ಹಸಿವನ್ನು ಕುಗ್ಗಿಸುತ್ತದೆ, ತಡವಾಗಿ ಕೊಟ್ಟರೆ ರಾತ್ರಿ ನಿದ್ರೆ ಹಾಳು. ಬೆಳಗಿನ ಉಪಾಹಾರ ಆದ ಮೇಲೆ ಮಾತ್ರೆ ಎಂಬ ಕ್ರಮವನ್ನು ಪ್ರವಾಸದಲ್ಲಿಯೂ ಬಿಡಬೇಡಿ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಮಗು ಸಿಡುಕಾಗುವುದನ್ನು ನೀವೂ ಕಂಡಿರಬಹುದು. ಸಂಜೆಯ ನೃತ್ಯ ಪ್ರದರ್ಶನ ಸರಿಯಾಗಿ ಆ ಹೊತ್ತಿಗೇ ಬಂದು ಬೀಳುತ್ತದೆ. ಆ ಹೊತ್ತನ್ನು ಬಯಲಿನಲ್ಲಿ ಓಡಾಡುವುದಕ್ಕೆ ಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಗಡಿ ದಾಟುವ ಪ್ರವಾಸವಾದರೆ ಇನ್ನೊಂದು ಎಚ್ಚರಿಕೆ. ಮೀಥೈಲ್‌ಫೆನಿಡೇಟ್ 1971ರ ವಿಶ್ವಸಂಸ್ಥೆಯ ಮನೋಪರಿಣಾಮಕ ವಸ್ತುಗಳ ಒಪ್ಪಂದದಡಿ ನಿಯಂತ್ರಿತ ಔಷಧ. ಗಮನ ಕೊರತೆಗೆ ಕೊಡುವ ಇನ್ನೊಂದು ಔಷಧವಾದ ಆಂಫೆಟಮಿನ್ ಇರುವ ಮಾತ್ರೆಯನ್ನಂತೂ ಜಪಾನಿನೊಳಗೆ ವೈದ್ಯರ ಚೀಟಿ ಇದ್ದರೂ ಒಯ್ಯುವಂತಿಲ್ಲ. ಹೋಗುವ ದೇಶದ ನಿಯಮವನ್ನು ಅದರ ರಾಯಭಾರ ಕಚೇರಿಯಲ್ಲಿ ವಿಚಾರಿಸಿ, ವೈದ್ಯರ ಪತ್ರದೊಂದಿಗೆ ಮಾತ್ರೆಯನ್ನು ಅದರ ಮೂಲ ಪೊಟ್ಟಣದಲ್ಲೇ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ವಿಮಾನ ನಿಲ್ದಾಣಗಳಲ್ಲಿ ಸೂರ್ಯಕಾಂತಿಯ ಚಿತ್ರವಿರುವ ಹಸಿರು ಕೊರಳಪಟ್ಟಿಯನ್ನು ಕೇಳಿ ನೋಡಿ. ಕಣ್ಣಿಗೆ ಕಾಣದ ತೊಂದರೆ ಇರುವವರಿಗಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಲ್ಲಿ ಆರಂಭವಾದ ಈ ಪದ್ಧತಿ ಈಗ ಅನೇಕ ದೇಶಗಳ ನಿಲ್ದಾಣಗಳಲ್ಲಿದೆ. ಕೊರಳಲ್ಲಿ ಅದಿದ್ದರೆ ಸಿಬ್ಬಂದಿ ಸ್ವಲ್ಪ ಹೆಚ್ಚು ಸಹನೆ ತೋರುತ್ತಾರೆ.

ಉತ್ತರ 4 (ವಯಸ್ಕರಾದ ಮೇಲೆ ಎಡಿಎಚ್‌ಡಿ ಇದೆಯೆಂದು ತಿಳಿದವರು)

ಮೇಲಿನ ಮೂವರೂ ಹೇಳಿದ್ದು ಸರಿ. ಆದರೆ ಪ್ರವಾಸ ಹೋಗಿಬಂದ ಹುಡುಗನ ಪರವಾಗಿ ಒಂದು ಮಾತು ಇರಲಿ. ನನ್ನ ಬಾಲ್ಯದಲ್ಲಿ ಪ್ರತಿ ಸುತ್ತಾಟದ ಬಾಲಕ್ಕೂ ಒಂದು ಪ್ರಬಂಧ ಅಂಟಿಕೊಂಡಿರುತ್ತಿತ್ತು. ಅರಮನೆಯ ಮುಂದೆ ಮಾರ್ಗದರ್ಶಿ ಇಸವಿಗಳನ್ನು ಒಪ್ಪಿಸುತ್ತಿದ್ದಾಗ ನಾನು ಬಾಗಿಲಿನ ಕೆಳ ಅಂಚು ನೆಲದ ಕಲ್ಲಿನಲ್ಲಿ ಕೊರೆದ ಅರ್ಧಚಂದ್ರಾಕಾರದ ಗೆರೆಯನ್ನು ಕಾಲ್ಬೆರಳಿನಿಂದ ಸವರುತ್ತಾ, ಇಷ್ಟು ಸವೆಯಲು ಎಷ್ಟು ಸಾರಿ ಬಾಗಿಲು ತೆರೆದಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಪ್ರಬಂಧದಲ್ಲಿ ಇಸವಿ ತಪ್ಪಿದ್ದಕ್ಕೆ ಬೈಸಿಕೊಂಡೆ. ಗೆರೆಯ ಬಗ್ಗೆ ಯಾರೂ ಕೇಳಲಿಲ್ಲ. ಪ್ರವಾಸಕ್ಕೆ ಚಿಕಿತ್ಸೆ ಎಂಬ ಹೆಸರಿಟ್ಟ ಕ್ಷಣದಿಂದ ದೊಡ್ಡವರ ಕಣ್ಣು ಮಗುವಿನ ವರ್ತನೆಯನ್ನು ಅಳೆಯತೊಡಗುತ್ತದೆ, ಮಗುವಿಗೆ ಅದು ಗೊತ್ತಾಗದೆ ಇರುವುದಿಲ್ಲ. ಶಾಲೆ, ಚಿಕಿತ್ಸಾ ಕೊಠಡಿ, ಮನೆ ಎಲ್ಲ ಕಡೆ ತಿದ್ದಿಸಿಕೊಳ್ಳುವವನಿಗೆ ತಿದ್ದದೆ ಬಿಡುವ ಒಂದು ಜಾಗವಾದರೂ ಬೇಡವೇ? ಡಾಕ್ಟರ್ ಹೇಳಿದ ಒಂದು ಕೌಶಲದ ಅಭ್ಯಾಸಕ್ಕೂ ನನಗೆ ಪೂರ್ತಿ ಮನಸ್ಸಿಲ್ಲ, ಆದರೆ ಒಂದೇ ಎಂದಿದ್ದಾರಲ್ಲ, ಆಗಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ಆ ಕಾರ್ಯಕ್ರಮ ಬೇಡವೆಂದು ತೀರ್ಮಾನಿಸಿದ್ದೇವೆ; ದಿನಕ್ಕೆ ಎಷ್ಟು ಜಾಗ ಎಂದು ಎಣಿಸಿದಾಗಲೇ ಉತ್ತರ ಸಿಕ್ಕಿತು. ಮಾತ್ರೆ ನಿಲ್ಲಿಸುವುದಿಲ್ಲ. ರಜೆಯಲ್ಲಿ ಒಂದೇ ಊರಿಗೆ ಹೋಗಿ, ಬೆಳಗಿನ ಹೊತ್ತು ನೇಕಾರರ ಕಾರ್ಯಾಗಾರ, ಸಂಜೆ ಬಯಲು ಎಂದು ಇಟ್ಟುಕೊಳ್ಳುವ ಯೋಚನೆಯಿದೆ. ಮಾವನವರೂ ಜೊತೆಗೆ ಬರುತ್ತಾರೆ; ನಕ್ಷೆ ಓದಿ ದಾರಿ ತೋರಿಸುವ ಕೆಲಸ ತಾತ ಮೊಮ್ಮಗ ಇಬ್ಬರಿಗೂ ಸೇರಿದ್ದು. ಡಾಕ್ಟರ್ ಮೇಡಂ, ಇದರಿಂದ ಅವನಿಗೆ ಉಪಯೋಗವಾಯಿತೋ ಇಲ್ಲವೋ ಎಂಬುದನ್ನು ನಾವು ತಿಳಿಯುವುದು ಹೇಗೆ?

ಉತ್ತರ 1ರ ವೈದ್ಯೆಯಿಂದ

ಪ್ರವಾಸದಲ್ಲಿ ಅವನು ಹೇಗಿದ್ದ ಎಂಬುದನ್ನು ಆಧರಿಸಿ ಹೇಳಲಾಗದು. ಹೊಸ ಜಾಗದಲ್ಲಿ, ಮನೆಯವರೆಲ್ಲರ ಬಿಡುವಿನಲ್ಲಿ, ಯಾವ ಮಗುವೂ ಬೇರೆಯಾಗಿಯೇ ಇರುತ್ತದೆ. ರಜೆಗೆ ಮುನ್ನ ನಿಮ್ಮ ವೈದ್ಯರನ್ನು ಕೇಳಿ ಎಡಿಎಚ್‌ಡಿ ಲಕ್ಷಣಗಳಿಗೆ ಅಂಕ ಕೊಡುವ ವ್ಯಾಂಡರ್‌ಬಿಲ್ಟ್ ಮಾಪನದ ಪ್ರಶ್ನಾವಳಿಯನ್ನು ನೀವೂ ಶಿಕ್ಷಕರೂ ಬೇರೆಬೇರೆಯಾಗಿ ತುಂಬಿ, ಶಾಲೆ ಮತ್ತೆ ಆರಂಭವಾಗಿ ಕೆಲವು ವಾರಗಳಾದ ಮೇಲೆ ಇನ್ನೊಮ್ಮೆ ತುಂಬಿ. ಅಂಕಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಬೇಸರಪಡಬೇಡಿ, ನಾನು ಅದನ್ನು ನಿರೀಕ್ಷಿಸುತ್ತಲೂ ಇಲ್ಲ. ನೀವು ಆರಿಸಿಕೊಂಡ ಒಂದು ಕೌಶಲವನ್ನು ಮಾತ್ರ ಬೇರೆಯಾಗಿ ಗಮನಿಸಿ: ಇಷ್ಟವಾದದ್ದನ್ನು ಬಿಟ್ಟು ಏಳುವುದನ್ನು ಅಭ್ಯಾಸ ಮಾಡಿಸಿದ್ದರೆ, ಮರಳು ಗಡಿಯಾರವನ್ನು ಮನೆಯಲ್ಲಿಯೂ ಹೋಮ್‌ವರ್ಕ್ ಮೇಜಿನ ಮೇಲೆ ಇಟ್ಟು, ಆಟದಿಂದ ಏಳುವಾಗಿನ ಜಗಳ ಕಡಿಮೆಯಾಯಿತೇ ಎಂದು ನೋಡಿ. ನಾಲ್ಕನೆಯ ಉತ್ತರ ಬರೆದವರ ಮಾತನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಈ ಟಿಪ್ಪಣಿಗಳನ್ನೆಲ್ಲ ಅವನ ಕಣ್ಣೆದುರು ಬರೆಯಬೇಡಿ.